ಅಧಿಕಾರದ ಪ್ರಬಂಧಕ್ಕೆ 90 ನಿಮಿಷ

ಕಷ್ಟವನ್ನು ಹೆಚ್ಚಿನವರು ತಾಳಿಕೊಂಡಾರು, ಮನುಷ್ಯನ ಗುಣ ತಿಳಿಯಬೇಕಾದರೆ ಅವನ ಕೈಗೆ ಅಧಿಕಾರ ಕೊಟ್ಟು ನೋಡಬೇಕು. 2024ರ ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಪ್ರಬಂಧ ಪತ್ರಿಕೆಯಲ್ಲಿ ಈ ಅರ್ಥದ ಒಂದು ವಿಷಯವಿತ್ತು. ಮೂರು ಗಂಟೆಯಲ್ಲಿ ಎರಡು ಪ್ರಬಂಧ, ತಲಾ 125 ಅಂಕ, ಒಂದೊಂದೂ 1000ದಿಂದ 1200 ಪದ. ಯೋಚಿಸಿ, ಟಿಪ್ಪಣಿ ಮಾಡಿಕೊಂಡು, ಉತ್ತರ ಪತ್ರಿಕೆಗೆ ಇಳಿಸಲು ಒಂದಕ್ಕೆ ಸಿಗುವುದು 90 ನಿಮಿಷ. ಕನ್ನಡದಲ್ಲೇ ಬರೆಯಲೂ ಅವಕಾಶವಿದೆ. ರಾಜ್ಯಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡವರಿಗೆ ಶಕ್ತಿ, ಅಧಿಕಾರ, ನ್ಯಾಯಸಮ್ಮತತೆ ಎಂಬ ಇದೇ ವಸ್ತು 150 ಪದಗಳ ಪುಟ್ಟ ಪ್ರಶ್ನೆಯಾಗಿಯೂ ಎದುರಾಗುತ್ತದೆ.

ಈ ವಸ್ತುವಿನ ಪ್ರಬಂಧ ಸೋಲುವುದು ಓದು ಕಡಿಮೆಯಾಗಿ ಅಲ್ಲ. ಕೌಟಿಲ್ಯ, ಮ್ಯಾಕಿಯವೆಲ್ಲಿ, ಆಕ್ಟನ್, ಗಾಂಧೀಜಿ ಸಾಲಾಗಿ ಬಂದು ಒಂದೊಂದು ಮಾತು ಹೇಳಿ ಹೊರಟುಹೋಗುತ್ತಾರೆ. ಒಬ್ಬರ ಮಾತು ಇನ್ನೊಬ್ಬರ ಮಾತನ್ನು ಮುಟ್ಟುವುದೇ ಇಲ್ಲ. ಹತ್ತು ಹೆಸರಿಗಿಂತ ಒಂದು ಉದಾಹರಣೆಯನ್ನು ಕೊನೆ ಮುಟ್ಟಿಸಿದ ಪ್ರಬಂಧ ಎಷ್ಟೋ ಮೇಲು.

ಮ್ಯಾಕ್ಸ್ ವೇಬರ್ ಇಲ್ಲದ ಉತ್ತರ ಪತ್ರಿಕೆ ಸಿಗುವುದು ಕಷ್ಟ. 1919ರ ಜನವರಿಯಲ್ಲಿ ಮ್ಯೂನಿಕ್‌ನ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದಲ್ಲಿ ಆತ ಕೇಳಿದ್ದು ಸರಳವಾದ ಪ್ರಶ್ನೆ: ಆಳುವವರ ಮಾತನ್ನು ಜನ ಯಾಕೆ ಕೇಳುತ್ತಾರೆ? ಸಂಪ್ರದಾಯ, ನಾಯಕನ ವರ್ಚಸ್ಸು, ಕಾನೂನು ಎಂಬ ಮೂರು ಉತ್ತರಗಳನ್ನೂ ಕೊಟ್ಟ. ಜರ್ಮನಿಯ ಚಕ್ರವರ್ತಿ ಸಿಂಹಾಸನ ಬಿಟ್ಟು ಆಗಿನ್ನೂ ಮೂರು ತಿಂಗಳಾಗಿರಲಿಲ್ಲ. ಯಾರ ಆಜ್ಞೆ ನಡೆಯಬೇಕೆಂಬುದು ಹೊರಗೆ ಬೀದಿಯಲ್ಲಿ ತೀರ್ಮಾನವಾಗುತ್ತಿತ್ತು. ಈ ಹಿನ್ನೆಲೆ ಗೊತ್ತಿದ್ದವರು ಆ ಮೂರನ್ನು ಬಾಯಿಪಾಠದ ಪಟ್ಟಿಯಂತೆ ಒಪ್ಪಿಸುವುದಿಲ್ಲ. ವೇಬರ್‌ಗೂ ಅವು ಶುದ್ಧ ಮಾದರಿಗಳಷ್ಟೇ. ನಿಜ ಜೀವನದಲ್ಲಿ ಮೂರೂ ಬೆರೆತೇ ಇರುತ್ತವೆ.

ಬೆರಕೆಯನ್ನು ತೋರಿಸಲು ಮೈಸೂರಿನ ಜಯಚಾಮರಾಜ ಒಡೆಯರ್ ಅವರಿಗಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ. 1940ರಲ್ಲಿ ಅವರು ಪಟ್ಟಕ್ಕೆ ಬಂದದ್ದು ವಂಶದ ಹಕ್ಕಿನಿಂದ. 1947ರ ಆಗಸ್ಟ್‌ನಲ್ಲಿ ಸಂಸ್ಥಾನವೇನೋ ಭಾರತವನ್ನು ಸೇರಿತು, ಆದರೆ ಒಳಾಡಳಿತ ಅರಮನೆಯ ಕೈಯಲ್ಲೇ ಉಳಿಯಿತು. ಜವಾಬ್ದಾರಿ ಸರ್ಕಾರ ಬೇಕೆಂದು ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಶುರುವಾಯಿತು, ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಬಂತು. ಪೊಲೀಸರು, ಜೈಲು, ಖಜಾನೆ ಎಲ್ಲವೂ ಅರಮನೆಯ ಬಳಿ ಇದ್ದವು. ಜನರ ಒಪ್ಪಿಗೆ ಮಾತ್ರ ಇರಲಿಲ್ಲ. ಶಕ್ತಿಗೂ ನ್ಯಾಯಸಮ್ಮತತೆಗೂ ಇರುವ ಅಂತರಕ್ಕೆ ಈ ಕೆಲವು ವಾರಗಳೇ ಸಾಕ್ಷಿ.

ಮುಂದಿನದು ಇನ್ನೂ ಸ್ವಾರಸ್ಯ. ಅದೇ ಒಡೆಯರ್ 1950ರಲ್ಲಿ ಸಂವಿಧಾನದ ಅಡಿ ರಾಜಪ್ರಮುಖರಾದರು, 1956ರಲ್ಲಿ ಏಕೀಕೃತ ಮೈಸೂರು ರಾಜ್ಯದ ರಾಜ್ಯಪಾಲರಾದರು, 1964ರಲ್ಲಿ ಮದ್ರಾಸಿನ ರಾಜ್ಯಪಾಲರಾಗಿ ಹೋದರು. ರಾಷ್ಟ್ರಪತಿಯ ನೇಮಕದಿಂದ ಬಂದ, ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಾದ ಹುದ್ದೆ ಅದು. ಅಧಿಕಾರವಿದೆ, ಶಕ್ತಿ ಬೇರೆಯವರಲ್ಲಿದೆ. ಇತ್ತ ಮೈಸೂರಿನ ಜನಕ್ಕೆ ಅವರು ಮಹಾರಾಜರೇ; 1971ರ 26ನೇ ತಿದ್ದುಪಡಿಯವರೆಗೆ ಕಾನೂನೂ ಆ ಬಿರುದನ್ನು ಮಾನ್ಯ ಮಾಡಿತ್ತು. ಒಬ್ಬರೇ ವ್ಯಕ್ತಿಯಲ್ಲಿ ವೇಬರ್‌ನ ಎರಡು ಮಾದರಿಗಳು ಹಲವು ವರ್ಷ ಜೊತೆಗಿದ್ದವು. ಇದನ್ನು ಬಿಡಿಸಿ ಬರೆದವರು ವ್ಯಾಖ್ಯೆ ಕೊಡುವ ಗೋಜಿಗೇ ಹೋಗಬೇಕಿಲ್ಲ.

ವೇಬರ್‌ನಿಂದ ಮುಂದೆ ಹೋಗಬೇಕೆನ್ನುವವರಿಗೆ ಡೇವಿಡ್ ಬೀಥಮ್ ನೆರವಾಗುತ್ತಾನೆ. ಜನ ನಂಬಿದರು ಎಂಬಷ್ಟಕ್ಕೇ ಆಳ್ವಿಕೆ ನ್ಯಾಯಸಮ್ಮತವಾಗದು ಎಂಬುದು 1991ರ ಅವನ ಪುಸ್ತಕದ ತಕರಾರು. ಆಳುವವರು ನಿಯಮದಂತೆ ನಡೆದಿದ್ದಾರೆಯೇ, ಆ ನಿಯಮಕ್ಕೆ ಸಮಾಜ ಒಪ್ಪುವ ಸಮರ್ಥನೆ ಇದೆಯೇ, ಜನ ತಮ್ಮ ಸಮ್ಮತಿಯನ್ನು ನಡೆಯಲ್ಲಿ ತೋರಿಸಿದ್ದಾರೆಯೇ ಎಂದು ಅವನು ಮೂರು ಹಂತದಲ್ಲಿ ನೋಡುತ್ತಾನೆ.

ತುರ್ತು ಪರಿಸ್ಥಿತಿಯನ್ನು ಈ ಹಂತಗಳಿಗೆ ಒಡ್ಡಿ ನೋಡಬೇಕು. 1975ರ ಜೂನ್ 25ರ ಘೋಷಣೆಗೆ 352ನೇ ವಿಧಿಯ ಆಧಾರವಿತ್ತು, ಸಂಸತ್ತು ಅದನ್ನು ಅನುಮೋದಿಸಿತು. ಬಂಧನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ ಎಂದು 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 4–1ರಿಂದ ಹೇಳಿತು. ಭಿನ್ನ ತೀರ್ಪು ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಕಾಗದದ ಮೇಲೆ ಎಲ್ಲವೂ ಕಾನೂನುಬದ್ಧ. ಆ ತೀರ್ಪು ತಪ್ಪೆಂದು ಅದೇ ನ್ಯಾಯಾಲಯ ಹೇಳಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಮೊಕದ್ದಮೆಯಲ್ಲಿ.

ಇಲ್ಲಿಂದ ಹೆಚ್ಚಿನ ಪ್ರಬಂಧಗಳು ನೇರವಾಗಿ 1977ರ ಚುನಾವಣೆಗೆ ಹಾರಿ, ಜನ ತಕ್ಕ ಪಾಠ ಕಲಿಸಿದರು ಎಂದು ಮುಗಿಸುತ್ತವೆ. ಅರ್ಧ ಸತ್ಯ ಅದು. ಉತ್ತರ ಪ್ರದೇಶದ 85 ಮತ್ತು ಬಿಹಾರದ 54 ಕ್ಷೇತ್ರಗಳಲ್ಲಿ ಕಾಂಗ್ರೆಸ್ ಒಂದನ್ನೂ ಗೆಲ್ಲಲಿಲ್ಲ. ಕರ್ನಾಟಕದ 28ರಲ್ಲಿ 26 ಗೆದ್ದಿತು. ಮರು ವರ್ಷ ಇಂದಿರಾ ಗಾಂಧಿ ಲೋಕಸಭೆಗೆ ಮರಳಿದ್ದು ಚಿಕ್ಕಮಗಳೂರಿನ ಉಪಚುನಾವಣೆಯಿಂದ. ಅದೇ ಪ್ರಧಾನಿ, ಅದೇ ತುರ್ತು ಪರಿಸ್ಥಿತಿ. ಸಮ್ಮತಿ ಮಾತ್ರ ಎರಡು ಕಡೆ ಎರಡು ಬಗೆ.

ಬೇಕಾದಷ್ಟು ಕಾರಣಗಳಿವೆ. ಉತ್ತರದಲ್ಲಿ ಆಳ್ವಿಕೆ ಬಡವರ ಮನೆ ಬಾಗಿಲಿಗೆ ಬಂದದ್ದು ಬಲವಂತದ ಸಂತಾನಹರಣ ಚಿಕಿತ್ಸೆಯ ರೂಪದಲ್ಲಿ. ಇಲ್ಲಿ ದೇವರಾಜ ಅರಸು ಸರ್ಕಾರದ 1974ರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಿತ್ತು. ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂನ್ಯಾಯ ಮಂಡಳಿಯ ಮುಂದೆ ನಿಂತಿದ್ದರು. ಹಾವನೂರು ಆಯೋಗದ ವರದಿ 1975ರಲ್ಲಿ ಹಿಂದುಳಿದ ವರ್ಗಗಳಿಗೆ ಹೊಸ ಆಸೆ ಹುಟ್ಟಿಸಿತ್ತು. ಹಾಗಾದರೆ ಉಳುವವನಿಗೆ ಭೂಮಿ ಕೊಟ್ಟ ಆಳ್ವಿಕೆಗೆ, ಅದೇ ಹೊತ್ತಿನಲ್ಲಿ ವಿರೋಧಿಗಳನ್ನು ವಿಚಾರಣೆಯಿಲ್ಲದೆ ಜೈಲಿಗಟ್ಟಿದರೂ, ನ್ಯಾಯಸಮ್ಮತತೆ ಇತ್ತೆನ್ನಬೇಕೇ? ಬೀಥಮ್‌ನ ಮೂರನೆಯ ಹಂತ ಇತ್ತೆನ್ನುತ್ತದೆ, ಎರಡನೆಯದು ತಡೆಯುತ್ತದೆ. ಪರೀಕ್ಷಾರ್ಥಿ ತನ್ನ ನಿಲುವನ್ನು ಕಾರಣ ಸಮೇತ ಬರೆಯಬೇಕಾದ ಜಾಗ ಇದೇ. ಇದಕ್ಕೆ ಕಡಿಮೆಯೆಂದರೂ 20 ನಿಮಿಷ ಬೇಕು. ಪೀಠಿಕೆಯನ್ನು ಆರು ಸಾಲಿಗೆ ಇಳಿಸಿ, ಹೇಳಿಕೆಗಳ ಸಾಲನ್ನು ಕೈಬಿಟ್ಟರೆ ಅಷ್ಟು ಹೊತ್ತು ಸಿಕ್ಕೇ ಸಿಗುತ್ತದೆ.