ಜೂನಾ ಬಾಜಾರಿನ ಬೆಳ್ಳಿ ರೂಪಾಯಿ: ಅಸಲಿಯನ್ನು ಗುರುತಿಸುವ ಬಗೆ

ಪುಣೆಯ ಮಂಗಳವಾರ ಪೇಠೆಯ ಜೂನಾ ಬಾಜಾರ್ ಸೇರುವುದು ಬುಧವಾರ ಮತ್ತು ಭಾನುವಾರ. ಹಳೇ ಬೀಗ, ಹಿತ್ತಾಳೆ ದೀಪ, ನಿಂತುಹೋದ ಗಡಿಯಾರಗಳ ನಡುವೆ ನೆಲಕ್ಕೆ ಬಟ್ಟೆ ಹಾಸಿ ನಾಣ್ಯ ಹರಡಿದವರೂ ಇರುತ್ತಾರೆ. ವಿಕ್ಟೋರಿಯಾ ರಾಣಿ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್ ಎಲ್ಲರೂ ಒಂದೇ ಗುಡ್ಡೆಯಲ್ಲಿ. ಅದರಲ್ಲಿ ಅಸಲಿಯೂ ಇದೆ, ಕಳೆದ ತಿಂಗಳು ಎರಕ ಹೊಯ್ದದ್ದೂ ಇದೆ. ಹೊಸ ಹವ್ಯಾಸಿ ಮೊದಲು ಮಾಡುವ ಕೆಲಸವೆಂದರೆ ರಾಣಿಯ ಮುಖ ನೋಡುವುದು, ಆಮೇಲೆ ಇಸವಿ ಓದುವುದು. ಪಳಗಿದವರು ನಾಣ್ಯವನ್ನು ಎರಡು ಬೆರಳಲ್ಲಿ ಹಿಡಿದು ಅಡ್ಡ ತಿರುಗಿಸಿ ಅಂಚು ನೋಡುತ್ತಾರೆ.

ಅದಕ್ಕೆ ಕಾರಣ ನಾಣ್ಯ ಹುಟ್ಟುವ ರೀತಿ. ಟಂಕಸಾಲೆಯಲ್ಲಿ ಬೆಳ್ಳಿಯ ಬಿಲ್ಲೆಯನ್ನು ಎರಡು ಉಕ್ಕಿನ ಅಚ್ಚುಗಳ ನಡುವೆ ಇಟ್ಟು ಭಾರೀ ಒತ್ತಡದಲ್ಲಿ ಅದುಮುತ್ತಾರೆ. ಲೋಹ ಅಚ್ಚಿನ ಸಂದುಗಳಿಗೆ ನುಗ್ಗುವುದರಿಂದ ಅಕ್ಷರಗಳ ಬದಿ ಕಡಿದಿಟ್ಟಂತೆ ನೇರವಾಗಿ ಏಳುತ್ತದೆ, ಅಂಚಿನ ಗೀರುಗಳು ಒಂದೇ ಸಮನಾಗಿ ಬೀಳುತ್ತವೆ. ಖೋಟಾ ಮಾಡುವವನು ಹೆಚ್ಚಾಗಿ ಅಸಲಿ ನಾಣ್ಯದಿಂದಲೇ ಪಡಿಯಚ್ಚು ತೆಗೆದು ಕರಗಿದ ಲೋಹ ಹೊಯ್ಯುತ್ತಾನೆ. ಅಚ್ಚಿನ ಎರಡು ಹೋಳು ಕೂಡಿದ ಕಡೆ ಅಂಚಿನ ಸುತ್ತ ಸಣ್ಣ ಗೆರೆ ಉಳಿಯುತ್ತದೆ. ಅದನ್ನು ಅರದಿಂದ ಉಜ್ಜಿದರೆ ಗೀರುಗಳೇ ಅಲ್ಲಲ್ಲಿ ಅಳಿಸಿಹೋಗುತ್ತವೆ. ಆರುವಾಗ ಲೋಹ ಕುಗ್ಗುವುದರಿಂದ ನಾಣ್ಯ ಕೂದಲೆಳೆಯಷ್ಟು ಚಿಕ್ಕದಾಗುತ್ತದೆ. ಗಾಳಿಗುಳ್ಳೆಗಳು ಒಡೆದು ಮೈಮೇಲೆ ಸೂಜಿಮೊನೆಯ ಗುಳಿಗಳನ್ನು ಬಿಟ್ಟುಹೋಗುತ್ತವೆ. ಹತ್ತರಷ್ಟು ಹಿಗ್ಗಿಸುವ ಭೂತಗನ್ನಡಿ ಇದ್ದರೆ ಇಷ್ಟನ್ನೂ ನಿಂತಲ್ಲೇ ಕಾಣಬಹುದು.

‘ಸವೆದ ನಾಣ್ಯ ಸ್ವಾಮಿ, ಅದಕ್ಕೇ ಅಕ್ಷರ ಮಂಕು’ ಎಂಬ ಸಮಜಾಯಿಷಿ ಮಾರುವವರ ಬಾಯಲ್ಲಿ ಸದಾ ಸಿದ್ಧ. ಸವೆತಕ್ಕೂ ಎರಕಕ್ಕೂ ಇರುವ ವ್ಯತ್ಯಾಸವನ್ನು ಇಲ್ಲೇ ತಿಳಿಯಬೇಕು. ಕೈಯಿಂದ ಕೈಗೆ ಓಡಾಡಿದ ನಾಣ್ಯದಲ್ಲಿ ಮೊದಲು ಸವೆಯುವುದು ಎತ್ತರದ ಭಾಗಗಳು: ರಾಣಿಯ ಕೆನ್ನೆ, ಕಿವಿಯ ಮೇಲಿನ ಕೂದಲು, ಕಿರೀಟದ ಅಂಚು. ತಗ್ಗಿನಲ್ಲಿರುವ ಗೆರೆಗಳು, ಅಕ್ಷರದ ಬುಡ ಮಾತ್ರ ಚೂಪಾಗಿಯೇ ಉಳಿಯುತ್ತವೆ. ಎರಕದ ನಾಣ್ಯದಲ್ಲಿ ಎತ್ತರ, ತಗ್ಗು ಎರಡೂ ಒಟ್ಟಿಗೆ ಮಂಕು. ನಾಲ್ಕು ದಿನ ಬಳಸಿದ ಸೋಪಿನ ಮೇಲಿನ ಹೆಸರಿನ ಹಾಗೆ.

ಕಣ್ಣಿನ ಕೆಲಸವಾದ ಮೇಲೆ ತಕ್ಕಡಿ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಪ್ರಾಂತ್ಯಗಳಿಗೆಲ್ಲ ಒಂದೇ ರೂಪಾಯಿಯನ್ನು ಗೊತ್ತುಮಾಡಿತು: ತೂಕ ಒಂದು ತೊಲ, ಅಂದರೆ 11.66 ಗ್ರಾಂ, ಬೆಳ್ಳಿ ಶೇ 91.7, ಅಗಲ ಮೂವತ್ತೂವರೆ ಮಿಲಿಮೀಟರಿನ ಆಸುಪಾಸು. ಈ ತೂಕ, ಈ ಬೆಳ್ಳಿ 1939ರವರೆಗೂ ಬದಲಾಗಲಿಲ್ಲ. ಗ್ರಾಮಿನ ನೂರರ ಒಂದು ಭಾಗ ತೋರಿಸುವ ಪುಟ್ಟ ತಕ್ಕಡಿ ಈಗ ಅಗ್ಗಕ್ಕೇ ಸಿಗುತ್ತದೆ. ಅದರ ಮೇಲೆ ನೀರಿನ ಲೋಟ ಇಟ್ಟು, ಅಂಕಿಯನ್ನು ಸೊನ್ನೆಗೆ ತಂದು, ನಾಣ್ಯವನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದಂತೆ ನೀರಲ್ಲಿ ಇಳಿಬಿಡಬೇಕು. ಪೂರ್ಣ ತೂಕದ ಅಸಲಿ ರೂಪಾಯಿಗೆ ತಕ್ಕಡಿ 1.13 ಗ್ರಾಂ ತೋರಿಸುತ್ತದೆ. ಅದೇ ತೂಕದ ಜರ್ಮನ್ ಸಿಲ್ವರ್ ತುಂಡು 1.34ರ ಹತ್ತಿರ ಹೋಗುತ್ತದೆ. ಆ ಲೋಹದಲ್ಲಿ ಇರುವುದು ತಾಮ್ರ, ನಿಕಲ್ ಮತ್ತು ಸತು, ಬೆಳ್ಳಿಯ ಚೂರೂ ಇಲ್ಲ. ಸವೆದ ನಾಣ್ಯವಾದರೆ ಅದರ ತೂಕವನ್ನು ನೀರಿನ ಅಂಕಿಯಿಂದ ಭಾಗಿಸಿ, ಉತ್ತರ 10.3ರ ಸುತ್ತ ಬರಬೇಕು.

ಅಯಸ್ಕಾಂತಕ್ಕೆ ಅಂಟಿದರೆ ಬೆಳ್ಳಿಯಲ್ಲ. ಅಂಟದಿದ್ದರೆ ಏನೂ ಸಾಬೀತಾಗಲಿಲ್ಲ, ಏಕೆಂದರೆ ತಾಮ್ರವೂ ಅಂಟುವುದಿಲ್ಲ. ಹುಲಿಯ ಚಿತ್ರದ 1947ರ ರೂಪಾಯಿ ಅಂಟಿಕೊಂಡಿತೆಂದು ಎಸೆಯಬೇಡಿ. ಅದು ನಿಕಲ್ ನಾಣ್ಯ, ಅಂಟುವುದೇ ಸರಿ. ನಾಣ್ಯವನ್ನು ಕಲ್ಲಿನ ಮೇಲೆ ಕೆಡವಿ ಠಣ್ ಎನ್ನಿಸುವ ಹಳೇ ಪದ್ಧತಿಯನ್ನು ಕೈಬಿಡುವುದು ಒಳ್ಳೆಯದು. ಬೆರಳ ತುದಿಯಲ್ಲಿ ನಿಲ್ಲಿಸಿ ಇನ್ನೊಂದು ನಾಣ್ಯದಿಂದ ಮೆಲ್ಲಗೆ ತಟ್ಟಿದರೆ ಅದೇ ನಾದ ಕೇಳುತ್ತದೆ, ಅಂಚೂ ಜಜ್ಜುವುದಿಲ್ಲ. ಆಸಿಡ್ ಹಾಕಿ ಪರೀಕ್ಷಿಸಲು ಮಾತ್ರ ಯಾರಿಗೂ ಬಿಡಬಾರದು. ಹುಣಸೆಹಣ್ಣು, ವಿಭೂತಿ ಹಚ್ಚಿ ತಿಕ್ಕುವುದೂ ಅಷ್ಟೇ ಕೆಟ್ಟದ್ದು. ಫಳಫಳ ಹೊಳೆಯುವ ಹಳೇ ನಾಣ್ಯಕ್ಕೆ ಸಂಗ್ರಾಹಕ ಕೊಡುವ ಬೆಲೆ ಕಡಿಮೆ.

ಬೆಳ್ಳಿ ಅಸಲಿ, ನಾಣ್ಯ ನಕಲಿ ಎಂಬ ಇನ್ನೊಂದು ಜಾತಿ ಇದೆ. ಇದೇ ಎಲ್ಲಕ್ಕಿಂತ ಅಪಾಯಕಾರಿ, ತೂಕ ಮತ್ತು ನೀರಿನ ಪರೀಕ್ಷೆಗಳೆರಡನ್ನೂ ಇದು ದಾಟಿಬಿಡಬಲ್ಲದು. ಇಂಥ ಮೋಸ ನಡೆಯುವುದು ಅಪರೂಪದ ಇಸವಿಗಳ ಮೇಲೆ. ಆರನೆಯ ಜಾರ್ಜ್‌ನ 1939ರ ರೂಪಾಯಿ ಅಂಥದ್ದು. ಮುಂದಿನ ವರ್ಷವೇ ಬೆಳ್ಳಿಯನ್ನು ಶೇ 50ಕ್ಕೆ ಇಳಿಸಿದರು, ಖೋಟಾ ತಡೆಯಲು ಅಂಚಿನ ನಡುವೆ ತೋಡು ಕೊರೆದರು. ಆದ್ದರಿಂದ 1939 ಎಂದು ಬರೆದ ನಾಣ್ಯದ ಅಂಚಿನಲ್ಲಿ ತೋಡು ಕಂಡರೆ, ಅಥವಾ ನೀರಿನ ಅಂಕಿ 1.22ರ ಬಳಿ ಬಂದರೆ, ಅದು 1940ರ ನಂತರದ ನಾಣ್ಯವನ್ನು ತಿದ್ದಿದ್ದು. 1938ರದ್ದನ್ನು ತಿದ್ದಿದ್ದರೆ ಲೋಹ ಏನನ್ನೂ ಹೇಳದು. ಕೊನೆಯ ಅಂಕಿಯ ಸುತ್ತ ಗೀಚಿದ, ಉಜ್ಜಿದ ಗುರುತು ಹುಡುಕಬೇಕು. 1911ರ ಐದನೆಯ ಜಾರ್ಜ್ ರೂಪಾಯಿಯ ಕಥೆ ಬೇರೆ. ದೊರೆಯ ನಿಲುವಂಗಿಯ ಮೇಲಿನ ಪದಕಮಾಲೆಯಲ್ಲಿದ್ದ ಆನೆ, ಸೊಂಡಿಲು ಮೋಟಾಗಿ, ಹಂದಿಯಂತೆ ಕಂಡಿತೆಂದು ಗಲಾಟೆಯಾಗಿ 1912ರಲ್ಲಿ ಅಚ್ಚನ್ನೇ ತಿದ್ದಿದರು. ಎರಡೂ ಆನೆಗಳನ್ನು ಅಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡುವುದು ಹೊಸಬರಿಗೆ ಸಿಗುವ ಅತ್ಯುತ್ತಮ ಪಾಠ.

ಪೇಶ್ವೆ ಕಾಲದ ನಾಣ್ಯಗಳಿಗೆ ಬಂದರೆ ಈ ಲೆಕ್ಕವೆಲ್ಲ ಮಗುಚುತ್ತದೆ. ಪುಣೆಯ ಅಂಕುಶಿ ರೂಪಾಯಿ, ನಮ್ಮ ಬಾಗಲಕೋಟೆಯಲ್ಲಿ ರಾಸ್ತೆ ಮನೆತನ ಹೊಡೆಸಿದ ಮಲ್ಹಾರಶಾಹಿ ರೂಪಾಯಿ (ಪುಣೆಯ ರಾಸ್ತಾ ಪೇಠೆಗೂ ಅದೇ ಮನೆತನದ ಹೆಸರು), ಎರಡೂ ಸುತ್ತಿಗೆಯಿಂದ ಹೊಡೆದು ಮಾಡಿದವು. ಅಚ್ಚು ಬಿಲ್ಲೆಗಿಂತ ದೊಡ್ಡದು, ಹಾಗಾಗಿ ಬರಹದ ಒಂದು ಭಾಗವಷ್ಟೇ ಮೂಡುತ್ತಿತ್ತು. ಆ ಭಾಗ ಒಂದೊಂದು ನಾಣ್ಯದಲ್ಲಿ ಒಂದೊಂದು. ಮರಾಠರ ನಾಣ್ಯದ ಮೇಲೆ ಮೊಗಲ್ ಬಾದಶಹನ ಹೆಸರು ಪಾರ್ಸಿಯಲ್ಲಿ ಇರುವುದು ಕಂಡು ಗಾಬರಿಯಾಗಬೇಕಿಲ್ಲ, ಆ ಕಾಲದ ರೂಢಿಯೇ ಅದು. ಬೆಳ್ಳಿ ಪರೀಕ್ಷಿಸಲು ಸರಾಫರು ಕುಟ್ಟಿದ ಚಿಕ್ಕ ಮುದ್ರೆಗಳೂ ಮೈಮೇಲೆ ಇರುತ್ತವೆ. ಇಂಥ ಎರಡು ನಾಣ್ಯಗಳಲ್ಲಿ ಬರಹ ಒಂದೇ ಕಡೆ ತುಂಡಾಗಿ, ಸರಾಫನ ಗುರುತೂ ಒಂದೇ ಜಾಗದಲ್ಲಿ ಇದ್ದರೆ ಎರಡೂ ಒಂದೇ ಎರಕದ ಮಕ್ಕಳು. ಹೊಡೆದ ನಾಣ್ಯದಲ್ಲಿ ಇದು ಸಾಧ್ಯವೇ ಇಲ್ಲ.

ಧನತೇರಸ್‌ಗೆ ಅಂಗಡಿಗಳಲ್ಲಿ ರಾಣಿ, ರಾಜರ ತಲೆಯಿರುವ ಹೊಸ ಬೆಳ್ಳಿ ನಾಣ್ಯಗಳು ಬರುತ್ತವೆ. ಪೂಜೆಗೆ ತಪ್ಪಿಲ್ಲ, ಬೆಳ್ಳಿಯ ಬೆಲೆ ಕೊಟ್ಟು ತರಬಹುದು. ಸಂಗ್ರಹಕ್ಕೆ ಅವು ಸಲ್ಲವು. ರಾಮ, ಸೀತೆ, ಹನುಮಂತನ ಚಿತ್ರದೊಂದಿಗೆ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಬರೆದ ನಾಣ್ಯವನ್ನು ಕಂಪನಿ ಎಂದೂ ಹೊರಡಿಸಿಲ್ಲ. ಅದು ಅಕ್ಕಿ ಸೆಳೆಯುತ್ತದೆಂದು ಲಕ್ಷಗಟ್ಟಲೆ ಕೇಳುವವರು ಶುದ್ಧ ವಂಚಕರು, ಅವರ ಬಳಿ ಮಾತಿಗೂ ನಿಲ್ಲಬಾರದು.

ಕಣ್ಣು ಪಳಗಲು ಅಸಲಿಯನ್ನೇ ಹೆಚ್ಚು ನೋಡಬೇಕು. 1910ರಲ್ಲಿ ಹುಟ್ಟಿದ, ಸದಾಶಿವ ಪೇಠೆಯಲ್ಲಿರುವ ಭಾರತ ಇತಿಹಾಸ ಸಂಶೋಧಕ ಮಂಡಳದ ಸಂಗ್ರಹದಲ್ಲಿ ಹಳೆಯ ನಾಣ್ಯಗಳಿವೆ. ಮರಾಠಾ ಟಂಕಸಾಲೆಗಳ ಬಗ್ಗೆ ಮಾಹೇಶ್ವರಿ ಮತ್ತು ವಿಗ್ಗಿನ್ಸ್, ಕರ್ನಾಟಕದ ನಾಣ್ಯಗಳ ಬಗ್ಗೆ ಎ.ವಿ. ನರಸಿಂಹಮೂರ್ತಿ ಬರೆದ ಪುಸ್ತಕಗಳು ಪಕ್ಕದಲ್ಲಿದ್ದರೆ ಹೋಲಿಸಿ ನೋಡಬಹುದು. ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪುರಾವಸ್ತು. ಅದನ್ನು ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವಂತಿಲ್ಲ ಎಂಬುದೂ ನೆನಪಿರಲಿ.

ಮೊದಲ ಖರೀದಿಗೆ ಅಪರೂಪದ ಇಸವಿ ಬೇಡ. 1912ರಿಂದ 1920ರವರೆಗಿನ ಜಾರ್ಜ್ ರೂಪಾಯಿಗಳನ್ನು ಕೋಟಿಗಟ್ಟಲೆ ಹೊಡೆದಿದ್ದರು, ಸುಲಭವಾಗಿ ಸಿಗುತ್ತವೆ. ನಂಬಿಕಸ್ಥರಿಂದ ರಸೀದಿ ಪಡೆದು ಒಂದನ್ನು ತಂದು, ಅಂಚು, ಅಕ್ಷರ, ಆನೆ, ತೂಕ ಎಲ್ಲವನ್ನೂ ಬಾಯಿಪಾಠ ಮಾಡಿಕೊಳ್ಳಿ. ಆಮೇಲೆ ಅದನ್ನೂ ತಕ್ಕಡಿಯನ್ನೂ ಜೇಬಿನಲ್ಲಿಟ್ಟುಕೊಂಡು ಬಾಜಾರಿಗೆ ಹೋಗಿ. ತೂಗಿ ನೋಡಲು ಬಿಡದವನ ನಾಣ್ಯವನ್ನು ಅಲ್ಲೇ ಬಟ್ಟೆಯ ಮೇಲೆ ವಾಪಸ್ ಇಟ್ಟುಬಿಡಿ.