ಸನ್ಯಾಸಿಗಳು ಬರೆದ ನಾಯಿ ಪುಸ್ತಕ

ಜರ್ಮನ್ ಶೆಫರ್ಡ್ ಸಾಕಿದವರ ಮನೆಗೆ ಹೋದರೆ ಒಂದು ಉಪದೇಶ ಕಿವಿಗೆ ಬಿದ್ದೇ ಬೀಳುತ್ತೆ: "ಮೊದ್ಲು ಬಾಸ್ ಯಾರು ಅಂತ ಅದಕ್ಕೆ ತೋರಿಸ್ಬೇಕು." ಗುರ್ ಅಂದರೆ ಕತ್ತು ಹಿಡಿದು ಅಂಗಾತ ಕೆಡವಿ, ಸುಮ್ಮನಾಗುವವರೆಗೂ ಬಿಡಬೇಡಿ ಅನ್ನುತ್ತಾರೆ. ಗಂಟೆ ಲೆಕ್ಕದಲ್ಲಿ ಅಪಾರ್ಟ್‌ಮೆಂಟಿಗೆ ಬರುವ ಟ್ರೈನರ್‌ಗಳಲ್ಲೂ ಇದೇ ಮಾತು. ಇದು ಮನೆಮಾತಾಗಿದ್ದರಲ್ಲಿ ಒಂದು ಪುಸ್ತಕದ ಪಾಲು ದೊಡ್ಡದು. ಬರೆದವರು ಪೊಲೀಸರಲ್ಲ, ಮಿಲಿಟರಿಯವರಲ್ಲ, ಸನ್ಯಾಸಿಗಳು.

ನ್ಯೂಯಾರ್ಕ್ ರಾಜ್ಯದ ಕೇಂಬ್ರಿಡ್ಜ್ ಅನ್ನೋ ಸಣ್ಣ ಊರಿನ ಹತ್ತಿರ ನ್ಯೂ ಸ್ಕೀಟ್ ಎಂಬ ಕ್ರೈಸ್ತ ಮಠವಿದೆ. 1966ರಲ್ಲಿ ಶುರುವಾದದ್ದು. ಅಲ್ಲಿನ ಸನ್ಯಾಸಿಗಳು ಜರ್ಮನ್ ಶೆಫರ್ಡ್ ಮರಿಗಳನ್ನು ಬೆಳೆಸುತ್ತಾ, ಬೇರೆಯವರ ನಾಯಿಗಳಿಗೂ ತರಬೇತಿ ಕೊಡುತ್ತಾ ಬಂದವರು. ಆ ಅನುಭವವೇ 1978ರಲ್ಲಿ 'ಹೌ ಟು ಬಿ ಯುವರ್ ಡಾಗ್ಸ್ ಬೆಸ್ಟ್ ಫ್ರೆಂಡ್' ಎಂಬ ಪುಸ್ತಕವಾಯಿತು. ಹೆಸರನ್ನೇ ಗಮನಿಸಿ. ನಾಯಿ ಮನುಷ್ಯನ ಗೆಳೆಯ ಅನ್ನೋದು ಹಳೇ ಮಾತು. ನೀವು ಅದಕ್ಕೆ ಗೆಳೆಯರಾಗೋದು ಯಾವಾಗ ಅನ್ನೋದು ಇವರ ಪ್ರಶ್ನೆ.

ಈ ಪುಸ್ತಕದ ದೊಡ್ಡ ಗುಣ ಅಂದರೆ ತರಬೇತಿಯನ್ನು 'ಸಿಟ್', 'ಸ್ಟೇ'ಗಳಿಂದ ಬಿಡಿಸಿದ್ದು. ಮಠದಲ್ಲಿ ಸನ್ಯಾಸಿಗಳು ಊಟಕ್ಕೆ ಕೂತರೆ ನಾಯಿಗಳು ಅಲ್ಲೇ ಸುತ್ತ ಸದ್ದಿಲ್ಲದೆ ಮಲಗಿರುತ್ತವೆ. ಅದು ದಿನವೂ ಜೊತೆಗಿದ್ದು ಬಂದ ಅಭ್ಯಾಸ. ರಾತ್ರಿ ನಾಯಿ ನಿಮ್ಮ ಬೆಡ್‌ರೂಮಿನಲ್ಲೇ ಮಲಗಲಿ ಅಂತಲೂ ಬರೆಯುತ್ತಾರೆ. ನಾಯಿ ಜಗಲಿ ದಾಟಿದರೆ ಪೊರಕೆ ಹಿಡಿಯುವ ಊರಲ್ಲಿ ಬೆಳೆದ ನನಗೆ ಇದು ಸ್ವಲ್ಪ ಅತಿಯಾಯ್ತು ಅನ್ನಿಸಿತು. ಆದರೆ ಅವರ ಕಾರಣ ಗಟ್ಟಿ: ಹಗಲೆಲ್ಲ ಹೊರಗಿರುವವರಿಗೆ, ಏನೂ ಮಾಡದೆ ಸಿಗುವ ಜೊತೆಯ ಹೊತ್ತು ಅದೊಂದೇ.

ಈ ತಳಿಗಂತೂ ಈ ಮಾತು ಸರಿಯಾಗಿ ಹೊಂದುತ್ತೆ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಇದನ್ನು ಒಂದು ತಳಿಯಾಗಿ ರೂಪಿಸಲು ಹೊರಟಾಗ ಅವನಿಗೆ ಬೇಕಿದ್ದದ್ದು ಕುರುಬನ ಜೊತೆ ದಿನವಿಡೀ ದುಡಿಯುವ, ಅವನ ಸನ್ನೆ ಕಾಯುವ ನಾಯಿ. ಅಂಥದ್ದನ್ನು ಬಾಲ್ಕನಿಗೆ ಕಟ್ಟಿ ಆಫೀಸಿಗೆ ಹೋದರೆ ಅದು ಲಿಫ್ಟ್ ಸದ್ದಿಗೂ ಬೊಗಳುತ್ತೆ. ಪಾಪ, ಅದಕ್ಕೆ ಬೇರೆ ಕೆಲಸ ಎಲ್ಲಿದೆ?

ಇಷ್ಟು ಬಲ್ಲವರೇ ಅದೇ ಪುಸ್ತಕದಲ್ಲಿ, ತಪ್ಪು ಮಾಡಿದ ನಾಯಿಯನ್ನು ಅಂಗಾತ ಕೆಡವಿ ಕಣ್ಣಲ್ಲಿ ಕಣ್ಣಿಟ್ಟು ಗದರಿಸಿ ಅಂತ ಬರೆದರು. ಆಧಾರ ತೋಳಗಳು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಮೃಗಾಲಯದ ತೋಳಗಳನ್ನು ನೋಡಿ ಬರೆದದ್ದರಿಂದ 'ಆಲ್ಫಾ' ಕಲ್ಪನೆ ಬೆಳೆಯಿತು. ಕಾಡಿನಲ್ಲಿ ತೋಳದ ಹಿಂಡು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು ಅಂತ ಡೇವಿಡ್ ಮೆಕ್ 1999ರಲ್ಲಿ ಬರೆದರು. 'ಆಲ್ಫಾ' ಪದವನ್ನು ತಮ್ಮ 1970ರ ಪುಸ್ತಕದ ಮೂಲಕ ಹರಡಿದ್ದವರೂ ಅವರೇ. ಗುರುತು ಪರಿಚಯ ಇಲ್ಲದ ಎಂಟು ಜನರನ್ನು ಒಂದೇ ಪಿಜಿ ರೂಮಿಗೆ ತುಂಬಿ, ಬಾತ್‌ರೂಮಿಗೆ ಅವರಾಡುವ ಜಗಳ ನೋಡಿ "ಕುಟುಂಬ ಅಂದ್ರೆ ಇಷ್ಟೇ ಕಣ್ರೀ" ಅಂದ ಹಾಗಾಯ್ತು ಆ ಹಳೇ ಲೆಕ್ಕ.

ಇದು ಬರೀ ಪಂಡಿತರ ಚರ್ಚೆಯಲ್ಲ. ಗುರ್ ಅನ್ನೋದು ಎಚ್ಚರಿಕೆ. ಅದಕ್ಕೆ ಶಿಕ್ಷೆ ಕೊಟ್ಟರೆ ನಾಯಿ ಎಚ್ಚರಿಕೆ ಕೊಡೋದನ್ನು ಬಿಡಬಹುದು, ನೇರ ಕಚ್ಚಬಹುದು. ಅಪ್ಪ ಕೆಡವಿದ್ದನ್ನು ನೋಡಿದ ಆರು ವರ್ಷದ ಮಗುವೂ ಹಾಗೇ ಮಾಡಲು ಹೋದರೆ ಅದರ ಮುಖ ಎಲ್ಲಿರುತ್ತೆ, ಯೋಚಿಸಿ. ನಡವಳಿಕೆಯ ತೊಂದರೆಗೆಂದು ಆಸ್ಪತ್ರೆಗೆ ಬಂದ ನಾಯಿಗಳ ಬಗ್ಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2009ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದರು. ಹೀಗೆ ಕೆಡವಿ ನೋಡಿದ್ದ ಮಾಲೀಕರಲ್ಲಿ 31% ಜನ, ನಾಯಿ ತಿರುಗಿಬಿತ್ತು ಅಂತ ಹೇಳಿದ್ದರು.

2002ರ ಪರಿಷ್ಕೃತ ಆವೃತ್ತಿಯಲ್ಲಿ ಸನ್ಯಾಸಿಗಳು ಈ ಸಲಹೆಯನ್ನು ವಾಪಸ್ ತಗೊಂಡರು. ಬರೆದವರೇ ಪ್ಯಾಚ್ ಬಿಟ್ಟಿದ್ದಾರೆ, ನಾವಿನ್ನೂ ಹಳೇ ವರ್ಷನ್ ಓಡಿಸ್ತಾ ಇದ್ದೇವೆ! ಹೊಸ ಆವೃತ್ತಿಯಲ್ಲೂ ಬೆಲ್ಟ್ ಜಗ್ಗಿ ತಿದ್ದುವ ಕ್ರಮ ಉಳಿದಿದೆ, ಅದರ ಬಗ್ಗೆ ನನ್ನ ತಕರಾರಿದೆ. ಆದರೂ ಪುಸ್ತಕದ ತಿರುಳು ಅದಲ್ಲ.

ಬರೆದವರು ಬಿಟ್ಟದ್ದನ್ನು ನಾವ್ಯಾಕೆ ಹಿಡಿದುಕೊಂಡೆವು? ಕೆಡವೋದಕ್ಕೆ ಒಂದು ನಿಮಿಷ ಸಾಕು. ಊಟದ ಹೊತ್ತು, ವಾಕಿಂಗ್, ಮಲಗುವ ಜಾಗ ಎಲ್ಲವನ್ನೂ ಹಂಚಿಕೊಳ್ಳೋದಕ್ಕೆ ಹತ್ತು ವರ್ಷ ಬೇಕು. ನಾಯಿಗೆ ಕೊಡಲು ಟೈಮಿಲ್ಲದವರಿಗೆ 'ಬಾಸ್' ಅನ್ನೋ ಪದ ತುಂಬಾ ಅನುಕೂಲ.

ಕೊಳ್ಳೋದಾದರೆ 2002ರ ಆವೃತ್ತಿಯನ್ನೇ ಕೊಳ್ಳಿ. ಟ್ರೈನರ್ ಗೊತ್ತು ಮಾಡೋ ಮುಂಚೆ ಒಂದೇ ಪ್ರಶ್ನೆ ಕೇಳಿ: "ಇದು ಗುರ್ ಅಂದ್ರೆ ಏನ್ಮಾಡ್ತೀರಾ?" "ಕೆಡವ್ತೀನಿ ಸಾರ್" ಅಂದರೆ ಕಾಫಿ ಕೊಟ್ಟು ಕಳಿಸಿಬಿಡಿ.