ಹಡಗಿನ ಚೀಟಿಯಲ್ಲಿ ಸಿಕ್ಕ ಮುತ್ತಜ್ಜಿ

ನನ್ನ ಹುಟ್ಟಿದ ದಿನ ಜೂನ್ 1. ನಿಜವಾಗಿ ಅಲ್ಲ, ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಬರೆದದ್ದು. ನಮ್ಮೂರಲ್ಲಿ ಅರ್ಧ ಕ್ಲಾಸಿಗೆ ಅದೇ ಬರ್ತ್‌ಡೇ. ಈಗ ಪಾಸ್‌ಪೋರ್ಟಲ್ಲೂ ಅದೇ ಇದೆ. ಹಾಗಾಗಿ ಸರ್ಕಾರಿ ದಾಖಲೆ ಅಂದ್ರೆ ನನಗೆ ಸ್ವಲ್ಪ ಅನುಮಾನ. ಗಾಯುತ್ರಾ ಬಹಾದೂರ್ ಅವರ ‘ಕೂಲಿ ವುಮನ್’ (2013) ನನಗೆ ಹಿಡಿಸಿದ್ದು ಅವರಿಗೂ ಆ ಅನುಮಾನ ಇರೋದ್ರಿಂದ.

ಈಕೆ ಗಯಾನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಪತ್ರಕರ್ತೆ. ಇವರ ಮುತ್ತಜ್ಜಿ ಸುಜಾರಿಯಾ 1903ರಲ್ಲಿ ಕಲ್ಕತ್ತಾದಿಂದ ‘ಕ್ಲೈಡ್’ ಅನ್ನೋ ಹಡಗು ಹತ್ತಿ ಬ್ರಿಟಿಷ್ ಗಯಾನಾದ ಕಬ್ಬಿನ ತೋಟಕ್ಕೆ ಹೊರಟವಳು. ಜೊತೆಗೆ ಗಂಡ ಇಲ್ಲ, ಅವಳು ನಾಲ್ಕು ತಿಂಗಳ ಬಸುರಿ. 1838ರಿಂದ 1917ರವರೆಗೆ ಹೀಗೆ ಕರಾರಿನ ಕೂಲಿಗಳಾಗಿ ಅಲ್ಲಿಗೆ ಹೋದ ಭಾರತೀಯರು ಸುಮಾರು 2 ಲಕ್ಷ 39 ಸಾವಿರ. ನಮಗೆ ‘ಕೂಲಿ’ ಅಂದ್ರೆ ದುಡಿದದ್ದಕ್ಕೆ ಸಿಗೋ ಹಣ. ಅಲ್ಲಿ ಅದು ಬೈಗುಳವಾಯಿತು.

ಸುಜಾರಿಯಾ ಮೊಮ್ಮಗನ ಮಗಳಿಗೆ ಸಿಕ್ಕಿದ್ದು ಒಂದು ವಲಸೆ ಚೀಟಿಯಿಂದ. ಹೆಸರು, ತಂದೆ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಹಳ್ಳಿ, ಎತ್ತರ, ಮೈಮೇಲಿನ ಗುರುತು – ಇಷ್ಟನ್ನೂ ಕೇಳುತ್ತಿದ್ದ ಚೀಟಿ ಅದು. ನನ್ನಂಥ ಸಾಫ್ಟ್‌ವೇರಿನವನ ಕಣ್ಣಿಗೆ ಚೆಂದದ ಟೇಬಲ್. ಆದರೆ ತುಂಬಿದವನು ಗುಮಾಸ್ತ. ಹೇಳಿದವಳ ಭಾಷೆ ಒಂದು, ಬರೆದವನ ಭಾಷೆ ಇನ್ನೊಂದು. ಹೆದರಿಕೆಗೋ ನಾಚಿಕೆಗೋ ಅವಳೇ ಒಂದೆರಡು ಸುಳ್ಳು ಹೇಳಿರಬಹುದು. ಲೇಖಕಿ ಆ ಚೀಟಿ ಹಿಡಿದು ಬಿಹಾರಕ್ಕೂ ಹೋಗ್ತಾರೆ, ವಸಾಹತು ಕಡತಗಳ ಪಕ್ಕದಲ್ಲಿಟ್ಟೂ ಓದ್ತಾರೆ.

ನನ್ನ ತಕರಾರು ಎರಡು. ಸುಜಾರಿಯಾ ಓಡಿಹೋದಳೆ, ಗಂಡ ಸತ್ತಿದ್ದನೆ, ಯಾರಾದರೂ ಮೋಸ ಮಾಡಿದರೆ ಅಂತ ಪ್ರಶ್ನೆ ಮೇಲೆ ಪ್ರಶ್ನೆ. ಮೊದಲ ಸಲ ‘ಸಾಕು ತಾಯಿ, ಉತ್ತರ ಹೇಳಿ’ ಅನ್ನಿಸಿತ್ತು. ಎರಡನೇ ಸಲ ಓದುವಾಗ ಈ ತಕರಾರು ವಾಪಸ್ ತಗೊಂಡೆ. ಖಾಲಿ ಕಾಲಮ್ಮಿಗೆ ಏನೋ ಒಂದು ತುಂಬಿದರೆ ಇಡೀ ರಿಪೋರ್ಟೇ ಸುಳ್ಳಾಗುತ್ತೆ ಅಂತ ನನಗೆ ಗೊತ್ತಿಲ್ಲವೆ? ಕಾದಂಬರಿ ಕಟ್ಟೋದು ಸುಲಭವಿತ್ತು, ಅವರು ಕಟ್ಟಲಿಲ್ಲ. ಇನ್ನೊಂದು ತಕರಾರು ಹಾಗೇ ಉಳಿದಿದೆ: ನಡುವಿನ ಅಧ್ಯಾಯಗಳಲ್ಲಿ ಬೇರೆ ಹೆಂಗಸರ ಕಥೆಗಳು ಎಷ್ಟು ನುಗ್ಗುತ್ತವೆ ಅಂದ್ರೆ, ಸುಜಾರಿಯಾಳೇ ಜಾತ್ರೆಯಲ್ಲಿ ಕೈತಪ್ಪಿದ ಹಾಗಾಗುತ್ತೆ.

ಪುಸ್ತಕ ಮುಗಿಸಿದ ಹುಮ್ಮಸ್ಸಿನಲ್ಲಿ ಯುಗಾದಿಗೆ ಊರಿಗೆ ಹೋದಾಗ ನಾನೂ ವಂಶವೃಕ್ಷ ಬರೆಯೋಕೆ ಕೂತೆ. ಹಳೇ ಪಹಣಿ, ಕಂದಾಯದ ರಸೀದಿ ತೆಗೆದರೆ ಗಂಡಸರು ನಾಲ್ಕು ತಲೆಮಾರು ಸರಸರ ಸಿಕ್ಕರು. ಅಜ್ಜಿಯ ತಾಯಿ ಹೆಸರೇನು ಅಂತ ಕೇಳಿದೆ. ಅಪ್ಪ ತುಂಬಾ ಹೊತ್ತು ಯೋಚಿಸಿ, ‘ಎಲ್ರೂ ಅಮ್ಮಯ್ಯ ಅಂತಿದ್ರು ಕಣೋ’ ಅಂದರು. ಅಷ್ಟೇ. ಅವಳ ಹೆಸರಲ್ಲಿ ಜಮೀನಿರಲಿಲ್ಲ, ಹಾಗಾಗಿ ಕಾಗದವೂ ಇಲ್ಲ. ಸುಜಾರಿಯಾಳನ್ನು ಜೀತದಂಥ ಕೆಲಸಕ್ಕೆ ಕಳಿಸಿದ ಚೀಟಿ ನೋಡಿ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು, ಆಮೇಲೆ ನಾಚಿಕೆಯಾಯಿತು. ಆಳು ಲೆಕ್ಕ ಬೇಕಿದ್ದವರು ಅವಳನ್ನು ಬರೆದಿಟ್ಟರು. ನಮ್ಮವಳನ್ನು ಬರೆದಿಡಬೇಕಾದವರು ನಾವೇ ಇದ್ದೆವು.

ಅಜ್ಜಿ ಇದ್ದಾಗ ನಾನು ಕೇಳಲಿಲ್ಲ. ನಿಮ್ಮಜ್ಜಿ ಇನ್ನೂ ಇದ್ದರೆ ಪುಸ್ತಕ ಆಮೇಲೆ ಓದಿ, ಮೊದಲು ಫೋನ್ ಮಾಡಿ.